ಗುಳ್ಳೆ ಕಾಣದ ಎರಡು ರಾತ್ರಿ

ಮನೆಯಲ್ಲೇ ಮಾಡುತ್ತಿದ್ದ ಬಿಯರಿಗೆ ಶನಿವಾರ ಸಂಜೆ 7 ಗಂಟೆಗೆ ಈಸ್ಟ್ ಹಾಕಿದ್ದೆ. ಸೋಮವಾರ ಸಂಜೆ 7 ಗಂಟೆಗೂ ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಏರ್‌ಲಾಕನ್ನೇ ನೋಡುತ್ತಿದ್ದೆ. ಜಾಡಿಯ ಬಾಯಿಗೆ ಸಿಕ್ಕಿಸುವ, ನೀರು ತುಂಬಿದ ಬಾಗಿದ ಕೊಳವೆ ಅದು; ಒಳಗಿನ ಗ್ಯಾಸ್ ಗುಳ್ಳೆಯಾಗಿ ಹೊರಗೆ ಹೋಗುತ್ತೆ, ಹೊರಗಿನ ಗಾಳಿ ಒಳಗೆ ಬರಲ್ಲ. 48 ಗಂಟೆ ಆಗಿತ್ತು, ಒಂದೇ ಒಂದು ಗುಳ್ಳೆ ಬಂದಿರಲಿಲ್ಲ. ಅಕ್ಕ ಆ ಕಡೆ ಈ ಕಡೆ ಓಡಾಡುವಾಗ ಮೂರನೇ ಸಲ ನಿಂತು, "ನೀನು ನೋಡ್ತಾ ಕೂತ್ರೆ ಅದು ಬೇಗ ಆಗುತ್ತೇನೋ?" ಅಂದಳು. ನಾನು ಉತ್ತರ ಕೊಡಲಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ" ಅಂತ ತಾನೇ ಸೇರಿಸಿ ಒಳಗೆ ಹೋದಳು.

ಅವಳು ಹೇಳಿದ್ದು ತಪ್ಪಲ್ಲ. ಆದರೆ ಆ ಹೊತ್ತಿಗೆ ನನ್ನ ಆತುರಕ್ಕೂ ಒಂದು ಕಾರಣ ಇತ್ತು. ಹಿಂದಿನ ಸಲ ಇದೇ ಬಿಯರ್, ಇದೇ ಜಾಡಿ, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಗುಳುಗುಳು ಶುರು ಮಾಡಿತ್ತು. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಗುಳ್ಳೆ ಕಾಣಬೇಕು ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದೇ ಒಂದು ಸಲ ಮಾಡಿದ್ದನ್ನ ನಿಯಮ ಅಂತ ತಿಳಿದುಕೊಂಡಿದ್ದೆ, ಅಷ್ಟೇ.

ನಾನು ಮಾಡೋದು ಚಿಕ್ಕ ಅಳತೆ. 5 ಲೀಟರಿನ ಗಾಜಿನ ಜಾಡಿ, ಅದರಲ್ಲಿ 4 ಲೀಟರ್ ಬಿಯರ್. ಸಾಮಾನ್ಯವಾಗಿ ಮನೆಯಲ್ಲಿ ಬಿಯರ್ ಮಾಡುವವರು 20 ಲೀಟರಿಗೆ ಹೋಗುತ್ತಾರೆ, ಸಿಗುವ ಸಾಮಾನು, ಈಸ್ಟ್ ಪ್ಯಾಕೆಟ್, ಬರೆದಿಟ್ಟ ಲೆಕ್ಕ ಎಲ್ಲಾ ಅದಕ್ಕೇ ಹೊಂದುವಂತೆ ಇರುತ್ತದೆ. ನನಗೆ ಅಷ್ಟು ಜಾಗ ಇಲ್ಲ, ಅಷ್ಟು ಕುಡಿಯುವವರೂ ಇಲ್ಲ. ಜೊತೆಗೆ ಕೆಟ್ಟರೆ 4 ಲೀಟರ್ ತಾನೇ ಕೆಡೋದು ಅನ್ನೋ ಧೈರ್ಯ. ಆದರೆ ಅಳತೆ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತೆ ಅನ್ನೋದು ಈ ಸಲ ಗೊತ್ತಾಯಿತು. 20 ಲೀಟರಿನಲ್ಲಿ ಅರ್ಧ ಚಮಚ ಈಸ್ಟ್ ಹೆಚ್ಚು ಕಡಿಮೆ ಆದರೆ ಯಾರಿಗೂ ಗೊತ್ತಾಗಲ್ಲ. 4 ಲೀಟರಿನಲ್ಲಿ ಅದೇ ಅರ್ಧ ಚಮಚ ಅಂದರೆ ಹಾಕಬೇಕಾದ್ದರಲ್ಲಿ ಅರ್ಧಕ್ಕರ್ಧ.

ಶನಿವಾರ ಏನೇನು ಮಾಡಿದೆ ಅಂತ ಹೇಳಿಬಿಡುತ್ತೇನೆ. 900 ಗ್ರಾಂ ಪೇಲ್ ಮಾಲ್ಟ್, 60 ಗ್ರಾಂ ಕ್ರಿಸ್ಟಲ್ ಮಾಲ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಎರಡನ್ನೂ ಬಟ್ಟೆ ಚೀಲದಲ್ಲಿ ಹಾಕಿ 66 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ನೆನೆಸಿದೆ. ಚೀಲ ಎತ್ತಿ ಹಿಂಡಿ, ಉಳಿದ ಸಿಹಿ ನೀರನ್ನ, ಅಂದರೆ ವರ್ಟನ್ನ, ಒಂದು ಗಂಟೆ ಕುದಿಸಿದೆ. ಹಾಪ್ಸ್, ಅಂದರೆ ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂವು, ಮೊದಲು 8 ಗ್ರಾಂ, ಕೊನೆಗೆ 6 ಗ್ರಾಂ. ಹೈಡ್ರೋಮೀಟರ್ 1.048 ತೋರಿಸಿತು. ಈ ಸಂಖ್ಯೆಗೇ ಗ್ರ್ಯಾವಿಟಿ ಅನ್ನೋದು: ಬರೀ ನೀರು 1.000, ಸಕ್ಕರೆ ಇದ್ದಷ್ಟೂ ಮೇಲೆ, ಈಸ್ಟ್ ಅದನ್ನ ತಿಂದಷ್ಟೂ ಕೆಳಗೆ. ಇಲ್ಲಿವರೆಗೆ ಎಲ್ಲಾ ಸರಿಯಾಗೇ ಇತ್ತು, ಸ್ವಲ್ಪ ಹೆಮ್ಮೆಯೂ ಆಗಿತ್ತು ಅನ್ನಿ.

ಎಡವಿದ್ದೆಲ್ಲಾ ಕೊನೆಯ ಅರ್ಧ ಗಂಟೆಯಲ್ಲಿ. ಆಗ ಅದು ಎಡವಿದ್ದು ಅಂತ ಗೊತ್ತಿರಲಿಲ್ಲ.

ಮೊದಲನೆಯದು ತಣಿಸಿದ್ದು. ಪಾತ್ರೆಯನ್ನ ಮಂಜುಗಡ್ಡೆ ಹಾಕಿದ ನೀರಿನ ಬಕೆಟ್‌ನಲ್ಲಿ ಇಟ್ಟು ಬೇರೆ ಪಾತ್ರೆ ತೊಳೆಯಲು ಹೋದೆ. 20 ಲೀಟರ್ ಮಾಡುವವರ ಗೋಳು ವರ್ಟ್ ಬೇಗ ತಣಿಯಲ್ಲ ಅನ್ನೋದು. ನನ್ನ 4 ಲೀಟರ್ ನಾನು ತಿರುಗಿ ಬರುವಷ್ಟರಲ್ಲಿ 15 ಡಿಗ್ರಿಗೆ ಇಳಿದಿತ್ತು. ಆ ಈಸ್ಟಿಗೆ ಬೇಕಾದ್ದು 18ರಿಂದ 22. ಪರವಾಗಿಲ್ಲ, ಕೋಣೆಯಲ್ಲಿ ಇಟ್ಟರೆ ತಾನಾಗೇ ಬೆಚ್ಚಗಾಗುತ್ತೆ ಅಂದುಕೊಂಡೆ.

ಎರಡನೆಯದು ಜಾಡಿಗೆ ಸುರಿದದ್ದು. ಬಿಯರನ್ನ ಚಿಮ್ಮಿಸಬಾರದು, ಗಾಳಿ ತಗುಲಿದರೆ ರುಚಿ ಕೆಡುತ್ತೆ ಅಂತ ಎಲ್ಲೋ ಓದಿದ್ದು ನೆನಪಿತ್ತು. ಹಾಗಾಗಿ ಲಾಳಿಕೆಯನ್ನ ಜಾಡಿಯ ಗೋಡೆಗೆ ಒತ್ತಿ ಹಿಡಿದು, ಶಬ್ದವೂ ಬಾರದ ಹಾಗೆ ನಯವಾಗಿ ಇಳಿಸಿದೆ. ಆ ಮಾತು ಸರಿಯೇ, ಆದರೆ ಅದು ಹುದುಗಿ ಮುಗಿದ ಬಿಯರಿಗೆ ಹೇಳಿದ್ದು. ತಣಿದ ವರ್ಟಿಗೆ, ಈಸ್ಟ್ ಹಾಕುವ ಹೊತ್ತಿನಲ್ಲಿ, ಬೇಕಾಗೋದು ಪೂರ್ತಿ ಉಲ್ಟಾ. ಒಂದು ಗಂಟೆ ಕುದಿಸಿದಾಗ ಅದರಲ್ಲಿದ್ದ ಆಮ್ಲಜನಕ ಎಲ್ಲಾ ಹೊರಟುಹೋಗಿರುತ್ತೆ. ಈಸ್ಟ್ ಕೋಶ ಒಂದು ಎರಡಾಗಬೇಕಾದರೆ ಹೊಸ ಹೊರಪೊರೆ ಕಟ್ಟಿಕೊಳ್ಳಬೇಕು, ಆ ಪೊರೆಗೆ ಬೇಕಾದ ಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತು ತಯಾರಾಗಲು ಆಮ್ಲಜನಕ ಬೇಕೇ ಬೇಕು. ಒಣ ಈಸ್ಟ್ ಕಾರ್ಖಾನೆಯಿಂದ ಬರುವಾಗಲೇ ಅದನ್ನ ಒಂದಿಷ್ಟು ಗಂಟು ಕಟ್ಟಿಕೊಂಡು ಬಂದಿರುತ್ತೆ, ಅದಕ್ಕೇ ಹೊಸ ಪ್ಯಾಕೆಟ್ ಆದರೆ ಗಾಳಿ ಕಡಿಮೆಯಾದರೂ ನಡೆದುಹೋಗುತ್ತೆ. ನನ್ನದು ಹೊಸ ಪ್ಯಾಕೆಟ್ ಆಗಿರಲಿಲ್ಲ.

ಮೂರನೆಯ ತಪ್ಪು ಅದೇ, ಎಲ್ಲಕ್ಕಿಂತ ದೊಡ್ಡದು ಅಂತ ನನಗೆ ಅನಿಸೋದೂ ಅದೇ. ಪ್ಯಾಕೆಟ್ ಬರೋದು 11.5 ಗ್ರಾಂನದು, 20 ಲೀಟರಿನ ಲೆಕ್ಕಕ್ಕೆ. ನನಗೆ ಒಂದು ಸಲಕ್ಕೆ ಎರಡೂವರೆ ಗ್ರಾಂ ಸಾಕು. ಹಿಂದಿನ ಸಲ ಕತ್ತರಿಸಿ ಸ್ವಲ್ಪ ಬಳಸಿ, ಬಾಯಿ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಫ್ರಿಜ್ಜಿನ ಬಾಗಿಲಲ್ಲಿ ಸಿಕ್ಕಿಸಿದ್ದೆ. ಅದು ಮೂರು ತಿಂಗಳ ಹಿಂದಿನ ಮಾತು. ಅಂಥ ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದಂತೆ ಮುಚ್ಚಿ 4 ಡಿಗ್ರಿಯಲ್ಲಿಟ್ಟು 7 ದಿನದೊಳಗೆ ಬಳಸಿ ಅಂತ ತಯಾರಕರು ಹೇಳುತ್ತಾರೆ. ನಾನು ಅದನ್ನ ಓದಿದ್ದು ಸೋಮವಾರ ರಾತ್ರಿ, ಪ್ಯಾಕೆಟ್ಟಿನ ಹಿಂಭಾಗವನ್ನ ದೀಪದ ಕೆಳಗೆ ಹಿಡಿದು.

ಅಳೆದದ್ದೂ ಅಂದಾಜಿಗೆ. ನನ್ನ ತಕ್ಕಡಿ ಗ್ರಾಂ ಗ್ರಾಂ ಲೆಕ್ಕದಲ್ಲಿ ತೋರಿಸುತ್ತೆ, ಅದೂ 1 ಅನ್ನಲಾ 2 ಅನ್ನಲಾ ಅಂತ ಓಲಾಡುತ್ತೆ. ಎರಡು ಅಂತ ಒಂದು ಕ್ಷಣ ನಿಂತಿತು, ಸಾಕು ಅಂದುಕೊಂಡೆ. ಒಣಗಿದ್ದನ್ನ ಹಾಗೇ ತಣ್ಣಗಿನ ವರ್ಟಿನ ಮೇಲೆ ಉದುರಿಸಿ, ಬಿರಡೆ ಒತ್ತಿ, ಏರ್‌ಲಾಕಿಗೆ ನೀರು ತುಂಬಿ, ಕೈ ತೊಳೆದುಕೊಂಡೆ.

ಭಾನುವಾರ ಬೆಳಿಗ್ಗೆ ಏನೂ ಇಲ್ಲ. 12 ಗಂಟೆ ತಾನೇ, ಇರಲಿ ಅಂದುಕೊಂಡೆ. ಈಸ್ಟ್ ವರ್ಟಿಗೆ ಬಿದ್ದ ಕೂಡಲೇ ಸಕ್ಕರೆ ತಿನ್ನೋಕೆ ಶುರು ಮಾಡಲ್ಲ ಅನ್ನೋದು ನನಗೆ ಗೊತ್ತಿತ್ತು. ಒಣಗಿದ್ದ ಕೋಶ ಮೊದಲು ನೀರು ಕುಡಿಯಬೇಕು, ಸುತ್ತ ಏನಿದೆ ಅಂತ ನೋಡಿಕೊಂಡು ಅದಕ್ಕೆ ಬೇಕಾದ ಕಿಣ್ವ ತಯಾರು ಮಾಡಿಕೊಳ್ಳಬೇಕು, ಆಮೇಲೆ ಮರಿ ಹಾಕಬೇಕು. ಇದಕ್ಕೆ 6 ಗಂಟೆಯಿಂದ ಒಂದು ದಿನದವರೆಗೂ ಹಿಡಿಯಬಹುದು. ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ ಅನ್ನಿಸುವ ಹೊತ್ತಿನಲ್ಲೇ ಒಳಗೆ ಜಾಸ್ತಿ ಕೆಲಸ ನಡೆಯುತ್ತಿರುತ್ತೆ. ಹೀಗೆಲ್ಲಾ ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಸಂಜೆ, 24 ಗಂಟೆ. ಏನೂ ಇಲ್ಲ. ಜಾಡಿಯನ್ನ ಒಂದು ಸಲ ಅಲ್ಲಾಡಿಸಿದೆ. ಎರಡು ಗುಳ್ಳೆ ಬಂತು, ಖುಷಿಯಾಯಿತು, ಆಮೇಲೆ ಅದು ನಾನು ಅಲ್ಲಾಡಿಸಿದ್ದಕ್ಕೆ ಬಂದದ್ದು ಅಂತ ಹೊಳೆದು ಸುಮ್ನೆ ಕೂತೆ.

ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಹೆದರಿಕೆ ಬೇರೆ ದಿಕ್ಕಿಗೆ ತಿರುಗಿತ್ತು. ಈಸ್ಟ್ ಕೆಲಸ ಮಾಡದಿದ್ದರೆ ಅಲ್ಲಿ ಇನ್ನೇನು ಬೆಳೆಯುತ್ತಿದೆ? ಸಿಹಿಯಾದ, ಬೆಚ್ಚಗಿನ, ಆಲ್ಕೋಹಾಲ್ ಇಲ್ಲದ ವರ್ಟ್ ಅಂದರೆ ಬ್ಯಾಕ್ಟೀರಿಯಾಕ್ಕೆ ಕರೆದು ಹಾಕಿದ ಮಣೆ. ಈಸ್ಟ್ ಶುರುವಾದ ಮೇಲೆ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ ಅಂತ ಹೇಳುವ ಅಳತೆ) 5.2ರ ಆಸುಪಾಸಿನಿಂದ ನಾಲ್ಕೂವರೆಗೂ ಕೆಳಗೆ ಇಳಿಯುತ್ತೆ, ಆಲ್ಕೋಹಾಲ್ ಏರುತ್ತೆ, ಆಗ ಬೇರೆಯವರಿಗೆ ಅಲ್ಲಿ ಬಾಳುವುದು ಕಷ್ಟ. ಹಾಪ್ಸ್ ಕೂಡ ಕೆಲವು ಬ್ಯಾಕ್ಟೀರಿಯಾಗಳನ್ನ ತಡೆಯುತ್ತೆ, ಎಲ್ಲವನ್ನೂ ಅಲ್ಲ. ಈಸ್ಟ್ ತಡ ಮಾಡಿದಷ್ಟೂ ಬಾಗಿಲು ತೆರೆದೇ ಇರುತ್ತೆ. ತಡ ಆಗೋದರ ನಿಜವಾದ ಅಪಾಯ ಇದು, ಗುಳ್ಳೆ ಬರಲಿಲ್ಲ ಅನ್ನೋದಲ್ಲ.

ಒಂದು ಹೊರಮಾತು. ಹಿಂದಿನ ಕಾಲದ ದೊಡ್ಡ ಬ್ರೂವರಿಗಳಿಗೂ ಇದೇ ಹೆದರಿಕೆ ಇತ್ತು. ಬಿಯರ್ ಕೆಡೋದು ಬೇಡದ ಸೂಕ್ಷ್ಮಜೀವಿಗಳಿಂದ ಅಂತ ಲೂಯಿ ಪಾಶ್ಚರ್ ತೋರಿಸಿದ ಮೇಲೂ, ಬಳಸುವ ಈಸ್ಟ್ ಅನ್ನೋದೇ ಒಂದು ಕಲಬೆರಕೆಯಾಗಿತ್ತು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಈಸ್ಟ್ ಬೆಳೆಸಿ ತೋರಿಸಿದ. ಇವತ್ತು ಅಂಥ ಈಸ್ಟನ್ನೇ ಅಷ್ಟು ಜೋಪಾನವಾಗಿ ಬೆಳೆಸಿ, ಒಣಗಿಸಿ, ಗಾಳಿ ತೆಗೆದು ಪ್ಯಾಕ್ ಮಾಡಿ ಕೊಡುತ್ತಾರೆ. ನಾನು ಅದಕ್ಕೆ ಬಟ್ಟೆ ಕ್ಲಿಪ್ ಹಾಕಿ ಇಟ್ಟಿದ್ದೆ.

ಸರಿ, ಸೋಮವಾರ ಸಂಜೆಗೆ ಬರೋಣ. ಅಕ್ಕ ಒಳಗೆ ಹೋದಮೇಲೆ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹತ್ತು ವರ್ಷದಿಂದ ಮನೆಯಲ್ಲಿ ಮಾಡುತ್ತಾ ಬಂದವನು. ನಾನು ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಹೊಸ ಪ್ಯಾಕೆಟ್ ಕೈಯಲ್ಲಿದೆ, ಈಗಲೇ ಕತ್ತರಿಸಿ ಹಾಕಿಬಿಡ್ತೀನಿ ಅಂದೆ.

"ತಡಿ ಮಾರಾಯ," ಅಂದ. "ಗ್ರ್ಯಾವಿಟಿ ನೋಡಿದ್ಯಾ?"

ನೋಡಿರಲಿಲ್ಲ. ನನ್ನ ಲೆಕ್ಕ ಬೇರೆ ಇತ್ತು: ಒಂದು ಸಲ ಹೈಡ್ರೋಮೀಟರ್ ತೇಲಿಸಲು 100 ಮಿಲಿಲೀಟರ್ ಬೇಕು, ಮೂರು ಸಲ ತೆಗೆದರೆ ಒಂದು ಬಾಟಲಿ ಹೋಯಿತು. ಇರೋದೇ ಹನ್ನೊಂದು ಬಾಟಲಿ. ಜಿಪುಣತನ.

"ಸರಿ, ಅದು ಆಮೇಲೆ. ಏರ್‌ಲಾಕಲ್ಲಿ ನೀರು ಎರಡೂ ಕಡೆ ಸಮ ಇದೆಯಾ?"

"ಸಮ ಇದೆ."

"ಬೆಳಿಗ್ಗೆನೂ ಸಮ ಇತ್ತಾ?"

ಯೋಚನೆ ಮಾಡಿದೆ. ಬೆಳಿಗ್ಗೆ, ಸಂಜೆ, ರಾತ್ರಿ, ಯಾವಾಗ ನೋಡಿದಾಗಲೂ ಎರಡೂ ಕಡೆ ನೀರು ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿತ್ತು.

"ರಾತ್ರಿ ಕೋಣೆ ತಣ್ಣಗಾಗುತ್ತಾ?"

ಆಗುತ್ತೆ. ಹಗಲು 19, ಬೆಳಗಿನ ಜಾವ 14 ಡಿಗ್ರಿ.

"ಹಾಗಾದ್ರೆ ಎಲ್ಲೋ ಸೋರ್ತಿದೆ," ಅಂದ. "ಜಾಡಿ ಬಿಗಿಯಾಗಿದ್ರೆ ರಾತ್ರಿ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಗೆ ಎಳೀಬೇಕಿತ್ತು. ಈಸ್ಟ್ ಸತ್ತೇ ಹೋಗಿದ್ರೂ ಆ ನೀರು ಒಂದು ಕಡೆ ವಾಲ್ಬೇಕು. ಯಾವಾಗ್ಲೂ ಸಮ ಇರೋದು ಅಂದ್ರೆ ಒಳಗೂ ಹೊರಗೂ ವ್ಯತ್ಯಾಸ ಇಲ್ಲ ಅಂತ ಅರ್ಥ. ಟಾರ್ಚ್ ತಗೊಂಡು ಮೇಲ್ಗಡೆ ನೋಡು, ಏರ್‌ಲಾಕ್ ಬಿಡು."

ಎರಡು ದಿನ ನಾನು ಏರ್‌ಲಾಕ್ ಬಿಟ್ಟು ಬೇರೇನೂ ನೋಡಿರಲಿಲ್ಲ. ಬೆಳಕು ತಾಗಿದರೆ ಹಾಪ್ಸಿನಿಂದ ಕೆಟ್ಟ ವಾಸನೆ ಬರುತ್ತೆ ಅಂತ ಜಾಡಿಗೆ ದಪ್ಪ ಬಟ್ಟೆ ಸುತ್ತಿದ್ದೆ, ಏರ್‌ಲಾಕ್ ಮಾತ್ರ ಹೊರಗೆ ಇತ್ತು. ಬಟ್ಟೆ ಸರಿಸಿ ಟಾರ್ಚ್ ಹಿಡಿದೆ. ವರ್ಟಿನ ಮೇಲೆ ಅಲ್ಲಲ್ಲಿ ಬೆಳ್ಳಗಿನ ನೊರೆ, ಬೆರಳುಗುರಿನಷ್ಟು ದೊಡ್ಡದು, ನೀರಿನ ಮೇಲೆ ನಡುಗಡ್ಡೆ ತೇಲಿದ ಹಾಗೆ. ಗಾಜಿನ ಗೋಡೆಯ ಪಕ್ಕ ಸೂಜಿಮೊನೆಯಷ್ಟು ಗುಳ್ಳೆಗಳು ಒಂದೊಂದೇ ಮೇಲೆ ಬರುತ್ತಿದ್ದವು. ಫೋನ್ ಕಿವಿಯಲ್ಲಿ ಇರುವಾಗಲೇ ನಗು ಬಂತು.

"ಈಗ ಸಾಬೂನು ನೀರು ಮಾಡಿ ಬಿರಡೆ ಸುತ್ತ ಒಂದು ಹನಿ ಹಚ್ಚು."

ಹಚ್ಚಿದೆ. ಒಂದು ಕಡೆ ಪುಟ್ಟ ಪುಟ್ಟ ಗುಳ್ಳೆ ಎದ್ದವು. ಅಲ್ಲಿಂದ ಗಾಳಿ ಹೋಗುತ್ತಿತ್ತು. ಸಾಬೂನು ಒರೆಸಿ ಬಿರಡೆ ಎತ್ತಿ ನೋಡಿದರೆ ಜಾಡಿಯ ಬಾಯಿಯ ಅಂಚಿಗೆ ಮಾಲ್ಟ್ ಹೊಟ್ಟಿನ ಒಂದು ಚೂರು ಅಂಟಿಕೊಂಡಿತ್ತು. ಅಕ್ಕಿಕಾಳಿನ ಅರ್ಧದಷ್ಟೂ ಇರಲಿಲ್ಲ. ಅಷ್ಟು ಸಾಕು. ಏರ್‌ಲಾಕಿನ ನೀರನ್ನ ತಳ್ಳಿಕೊಂಡು ಹೊರಬರಲು ಗ್ಯಾಸಿಗೆ ಸ್ವಲ್ಪವಾದರೂ ಒತ್ತಡ ಬೇಕು, ಪಕ್ಕದಲ್ಲಿ ಸಂದು ಇದ್ದರೆ ಅದು ನೀರಿನ ಗೊಡವೆಗೇ ಹೋಗಲ್ಲ. ದೊಡ್ಡ ಅಳತೆಯಲ್ಲಿ ಗ್ಯಾಸ್ ಒಮ್ಮೆಲೇ ಜಾಸ್ತಿ ಬರುತ್ತೆ, ಸಂದು ಇದ್ದರೂ ನಾಲ್ಕು ಗುಳ್ಳೆ ಕಾಣುತ್ತೆ. 4 ಲೀಟರಿನಲ್ಲಿ, ಅದೂ ನಿಧಾನವಾಗಿ ಶುರುವಾದಾಗ, ಬಂದದ್ದೆಲ್ಲಾ ಆ ಸಂದಿನಲ್ಲೇ ಜಾರಿಹೋಗುತ್ತೆ.

ಆದರೆ ಸೋರಿಕೆ ಸಿಕ್ಕಿತು, ಸಮಸ್ಯೆ ಮುಗೀತು ಅಂತ ಅಲ್ಲ. ಗೆಳೆಯ ಬಿಡಲಿಲ್ಲ, ಗ್ರ್ಯಾವಿಟಿ ನೋಡು ಅಂದ. ಸ್ಯಾನಿಟೈಸ್ ಮಾಡಿದ ಪಿಪೆಟ್‌ನಿಂದ 100 ಮಿಲಿಲೀಟರ್ ತೆಗೆದೆ. 1.046. ಶುರುವಿನಲ್ಲಿ 1.048 ಇತ್ತು. ಬೆಚ್ಚಗಿನ ಜಾಗದಲ್ಲಿ ಸರಿಯಾಗಿ ನಡೆದಿದ್ದರೆ 48 ಗಂಟೆಗೆ ಇಳಿಯಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿದಿರಬೇಕಾಗಿತ್ತು. ಅಂದರೆ ಸೋರಿಕೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿತ್ತು ನಿಜ, ಆದರೆ ಬಟ್ಟೆಯ ಹಿಂದೆಯೂ ಬಹಳ ಹೊತ್ತು ಏನೂ ನಡೆದಿರಲಿಲ್ಲ. ತೆಗೆದದ್ದನ್ನ ಮೂಸಿದೆ, ಕುಡಿದೆ. ಸಿಹಿ, ಹಿಂದೆ ಹಾಪ್ಸಿನ ಕಹಿ. ಹುಳಿ ಇಲ್ಲ, ಕೊಳೆತ ಸೊಪ್ಪಿನ ವಾಸನೆ ಇಲ್ಲ, ಮೇಲೆ ಪೊರೆ ಕಟ್ಟಿಲ್ಲ. ಜಾಡಿಗೆ ವಾಪಸ್ ಮಾತ್ರ ಸುರಿಯಬಾರದು, ಅದೊಂದು ಬುದ್ಧಿ ನನಗೆ ಮೊದಲಿನಿಂದ ಇತ್ತು.

"ಹೊಸ ಈಸ್ಟ್ ಹಾಕ್ಲಾ?"

"ಯಾಕೆ? ಶುರು ಆಗಿದೆಯಲ್ಲ. ಬೆಚ್ಚಗೆ ಮಾಡು ಸಾಕು. ಆ ಪ್ಯಾಕೆಟ್ ಮುಂದಿನ ಸಲಕ್ಕೆ ಇಟ್ಕೋ. 72 ಗಂಟೆ ಆದ್ರೂ ನೊರೆನೂ ಇಲ್ಲ, ಗ್ರ್ಯಾವಿಟಿನೂ ಇಳೀಲಿಲ್ಲ ಅಂದ್ರೆ ಆಗ ಹಾಕು."

ಅವತ್ತು ರಾತ್ರಿ ಕುತೂಹಲಕ್ಕೆ ಹಳೇ ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನ ಸ್ವಲ್ಪ ತೆಗೆದು ಪರೀಕ್ಷೆ ಮಾಡಿದೆ. ಲೋಟದಲ್ಲಿ 35 ಡಿಗ್ರಿ ನೀರು, ಚಿಟಿಕೆ ಸಕ್ಕರೆ, ಮೇಲೆ ಅರ್ಧ ಚಮಚ ಈಸ್ಟ್. ಒಳ್ಳೆಯ ಈಸ್ಟ್ ಆದರೆ ಅರ್ಧ ಗಂಟೆಯಲ್ಲಿ ಮೇಲೆ ದಪ್ಪ ಕೆನೆಯಂಥ ನೊರೆ ಬರುತ್ತೆ. ನನ್ನದರಲ್ಲಿ ಹೆಚ್ಚಿನ ಕಾಳು ಹಾಗೇ ತಳಕ್ಕೆ ಹೋಗಿ ಕೂತವು. ಮುಕ್ಕಾಲು ಗಂಟೆಯ ನಂತರ ಅಂಚಿನಲ್ಲಿ ಒಂದು ತೆಳು ಉಂಗುರ. ಈ ಪರೀಕ್ಷೆ ಎಷ್ಟು ಕೋಶ ಬದುಕಿವೆ ಅಂತ ಎಣಿಸಿ ಹೇಳಲ್ಲ, ಜೀವ ಇದೆಯಾ ಇಲ್ಲವಾ ಅಷ್ಟನ್ನೇ ಹೇಳೋದು. ಇತ್ತು, ಸ್ವಲ್ಪ. ಎರಡು ಗ್ರಾಂ ಹಾಕಿದ್ದರಲ್ಲಿ ಕೆಲಸಕ್ಕೆ ಬಂದದ್ದು ಎಷ್ಟೋ! ಉಳಿದ ಕೆಲವೇ ಕೋಶಗಳು ಮರಿ ಹಾಕಿ ಮರಿ ಹಾಕಿ ಸೈನ್ಯ ಕಟ್ಟಬೇಕಾಯಿತು. ಅದೂ ಚಳಿಯಲ್ಲಿ, ಗಾಳಿ ಇಲ್ಲದೆ.

ಚಳಿಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಇದು ಚಿಕ್ಕ ಅಳತೆಯವರಿಗೆ ಯಾರೂ ಸರಿಯಾಗಿ ಹೇಳಲ್ಲ. ಈಸ್ಟ್ ಸಕ್ಕರೆ ತಿನ್ನುವಾಗ ಬಿಸಿ ಹುಟ್ಟುತ್ತೆ. 20 ಲೀಟರಿನ ಬಕೆಟ್ ಒಳಗೆ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಜಾಸ್ತಿ ಇರೋದು ಸಾಮಾನ್ಯ, ಅದು ತನ್ನ ಬಿಸಿಯಲ್ಲಿ ತಾನೇ ಬೆಚ್ಚಗಿರುತ್ತೆ. ಹಾಗಾಗಿ ಅವರು ಕೋಣೆ 16 ಇದ್ದರೂ ಸಾಕು ಅಂತಾರೆ. ನನ್ನ ಜಾಡಿ ಚಿಕ್ಕದು, ಒಳಗಿನ ನೀರಿಗೆ ಹೋಲಿಸಿದರೆ ಸುತ್ತಲಿನ ಗಾಜು ಜಾಸ್ತಿ, ಹುಟ್ಟಿದ ಬಿಸಿಯೆಲ್ಲಾ ಹಾಗೇ ಹೊರಗೆ ಹೋಗುತ್ತೆ. ಕೋಣೆ 14 ಆದರೆ ಜಾಡಿಯೂ 15ಕ್ಕೆ ಬಂದು ನಿಲ್ಲುತ್ತೆ. ಹಗಲು ಸ್ವಲ್ಪ ಚುರುಕಾಗಿ ರಾತ್ರಿ ಮತ್ತೆ ತೂಕಡಿಸುತ್ತಿದ್ದ ಈಸ್ಟ್ ಅದು, ಪಾಪ.

ಬಕೆಟ್‌ನಲ್ಲಿ ಬೆಚ್ಚಗಿನ ನೀರು ತುಂಬಿ ಜಾಡಿಯನ್ನ ಕುತ್ತಿಗೆವರೆಗೆ ಅದರಲ್ಲಿ ಕೂರಿಸಿದೆ. ನೀರು ಒಮ್ಮೆಲೇ ಬಿಸಿ ಮಾಡಲಿಲ್ಲ. 18, ಆಮೇಲೆ 20. ಬಕೆಟ್ ಸುತ್ತ ಹಳೇ ಕಂಬಳಿ. ಹತ್ತು ಲೀಟರ್ ನೀರು ಸುತ್ತ ಇದ್ದರೆ ನಾಲ್ಕು ಲೀಟರಿನ ಜಾಡಿಯೂ ದೊಡ್ಡದರ ಹಾಗೆ ವರ್ತಿಸುತ್ತೆ, ತಾಪಮಾನ ಏರಿಳಿಯೋದು ನಿಧಾನವಾಗುತ್ತೆ. ಹೊಟ್ಟಿನ ಚೂರು ತೆಗೆದು ಬಿರಡೆಯನ್ನ ಒದ್ದೆ ಮಾಡಿ ತಿರುಗಿಸಿ ಒತ್ತಿದ್ದೆ. ಇಪ್ಪತ್ತು ನಿಮಿಷ ಆದಮೇಲೆ ಏರ್‌ಲಾಕ್ ಒಂದು ಸಲ "ಗುಳುಕ್" ಅಂದಿತು. ಅಕ್ಕನನ್ನ ಕೂಗಿದೆ. ಅವಳು ಬರುವಷ್ಟರಲ್ಲಿ ಮತ್ತೆ ಸುಮ್ಮನಾಯಿತು. ಅವಳು ಎರಡು ನಿಮಿಷ ನಿಂತು, ನನ್ನನ್ನೇ ಒಂದು ಸಲ ನೋಡಿ ಹೋದಳು.

ಮಂಗಳವಾರ ಬೆಳಿಗ್ಗೆ 6ಕ್ಕೆ, ಅಂದರೆ 59 ಗಂಟೆಗೆ, ನೊರೆ ಇಡೀ ಮೇಲ್ಭಾಗ ಮುಚ್ಚಿತ್ತು. ನಾಲ್ಕೈದು ಸೆಕೆಂಡಿಗೆ ಒಂದು ಗುಳ್ಳೆ. ಬುಧವಾರ ಆ ನೊರೆ ಏರಿ ಏರಿ ಏರ್‌ಲಾಕ್ ಒಳಗೇ ನುಗ್ಗಿತು. ಎರಡು ದಿನ ಏನೂ ಇಲ್ಲ ಅಂತ ಅತ್ತವನು ಈಗ ಜಾಸ್ತಿ ಆಯ್ತು ಅಂತ ಕಂದು ಬಣ್ಣದ ಗಲೀಜು ಒರೆಸುತ್ತಾ ಏರ್‌ಲಾಕ್ ತೊಳೆಯುತ್ತಿದ್ದೆ. ನಾಲ್ಕು ಲೀಟರ್ ಇಂಥ ಬಿಯರ್ ಹುದುಗಿ ಮುಗಿಯುವಷ್ಟರಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಹಾಕಿದರೆ 70 ಲೀಟರಿಗೂ ಜಾಸ್ತಿ ಆಗುತ್ತೆ. ಅಷ್ಟೂ ಆ ಒಂದು ಬೆರಳಿನ ತೂತಿನಿಂದ ಹೋಗಬೇಕು ಅಲ್ವಾ.

ಆಮೇಲಿನದು ಬೇಗ ಹೇಳುತ್ತೇನೆ. 11ನೇ ದಿನ 1.013, 14ನೇ ದಿನವೂ 1.013. ಹಿಂದಿನ ಸಲ 1.011ಕ್ಕೆ ನಿಂತಿತ್ತು, ಇದು ಎರಡು ಪಾಯಿಂಟ್ ಮೇಲೇ ನಿಂತಿತು. ಆಲ್ಕೋಹಾಲ್ ಶೇಕಡಾ 4.6ರಷ್ಟು. ನಿಧಾನಕ್ಕೆ ಶುರುವಾದದ್ದು ನಿಧಾನಕ್ಕೇ ಮುಗಿಯಬಹುದು, ಹಾಗಾಗಿ ಬಾಟಲಿಗೆ ತುಂಬುವ ಮುಂಚೆ ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಒಂದೇ ಸಂಖ್ಯೆ ಬರೋದನ್ನ ಕಾದೆ. ಒಳಗೆ ಸಕ್ಕರೆ ಉಳಿದಿರುವಾಗ, ಬಾಟಲಿಯಲ್ಲಿ ಗ್ಯಾಸ್ ತುಂಬಲಿ ಅಂತ ಮೇಲಿನಿಂದ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯುತ್ತೆ. ಇದರಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ, ಎರಡು ಲೋಟ ಬಿಯರ್ ಅಳತೆಗೇ ಹೋಯಿತು.

ರುಚಿ? ಎರಡು ವಾರಕ್ಕೆ ತೆರೆದ ಮೊದಲ ಬಾಟಲಿಯಲ್ಲಿ ಹಸಿ ಸೇಬಿನ ವಾಸನೆ ಇತ್ತು. ಅದು ಅಸಿಟಾಲ್ಡಿಹೈಡ್, ಈಸ್ಟ್ ಅರ್ಧ ಕೆಲಸದಲ್ಲಿ ಬಿಟ್ಟುಹೋದ ವಸ್ತು. ಆರು ವಾರಕ್ಕೆ ಅದು ಹೆಚ್ಚುಕಮ್ಮಿ ಕಾಣೆಯಾಯಿತು, ಹಣ್ಣಿನ ಪರಿಮಳ ಮಾತ್ರ ಮೊದಲಿನ ಸಲಕ್ಕಿಂತ ಜಾಸ್ತಿಯೇ ಉಳಿಯಿತು. ಕಡಿಮೆ ಕೋಶಗಳು ಜಾಸ್ತಿ ಸಲ ಮರಿ ಹಾಕಬೇಕಾದಾಗ ಹಾಗಾಗುತ್ತೆ. ಗೆಳೆಯ ಕುಡಿದು, ಇದೇ ಚೆನ್ನಾಗಿದೆ ಕಣೋ ಅಂದ. ಅವನು ಸಮಾಧಾನಕ್ಕೆ ಹೇಳಿದ್ದು ಅಂತ ನನಗೆ ಇನ್ನೂ ಅನುಮಾನ.

ಮುಂದಿನ ಸಲ ಎಲ್ಲವನ್ನೂ ಬದಲಾಯಿಸಿದೆ. ಹೊಸ ಪ್ಯಾಕೆಟ್, 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯಲ್ಲಿ ತೂಗಿದ 2.5 ಗ್ರಾಂ, ಅದರ ತೂಕದ ಹತ್ತರಷ್ಟು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಆ ಬಿಸಿಯಿಂದ ನೇರ ತಣ್ಣಗಿನ ವರ್ಟಿಗೆ ಹಾರಿಸದೆ ಸ್ವಲ್ಪ ಸ್ವಲ್ಪ ವರ್ಟ್ ಬೆರೆಸಿ ತಣಿಸಿ ಹಾಕಿದ್ದು. ವರ್ಟ್ 20 ಡಿಗ್ರಿ. ಎತ್ತರದಿಂದ ಸುರಿದು, ಬಾಯಿ ಮುಚ್ಚಿ ಎರಡು ನಿಮಿಷ ಜೋರಾಗಿ ಕುಲುಕಿದ್ದು. ಜಾಡಿಯ ಬಾಯಿ ಒರೆಸಿದ್ದು. ಈಸ್ಟ್ ಹಾಕಿ 9 ಗಂಟೆ ಆಗುವಷ್ಟರಲ್ಲಿ ಶುರುವಾಯಿತು. ಆದರೆ ಇಷ್ಟು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಆಯಿತು ಅಂತ ಹೇಗೆ ಹೇಳೋದು? ಅದು ಕೊರೆಯುತ್ತಿತ್ತು. ಹಾಗಾಗಿ ಅದರ ಮುಂದಿನ ಸಲ ಬೇಕಂತಲೇ ಎಲ್ಲವನ್ನೂ ಸರಿಯಾಗಿ ಮಾಡಿ, ಜಾಡಿಯನ್ನ ಮಾತ್ರ ಅದೇ ತಣ್ಣಗಿನ ಮೂಲೆಯಲ್ಲಿ ಇಟ್ಟೆ, ವರ್ಟ್ 15 ಡಿಗ್ರಿ. 26 ಗಂಟೆ ಹಿಡಿಯಿತು. ಒಂದು ಸಲ ಮಾಡಿದ್ದನ್ನ ನಿಯಮ ಅನ್ನಬಾರದು ಅಂತ ಈಗಷ್ಟೇ ಹೇಳಿದ್ದೀನಿ, ಆದರೂ ಆ 48 ಗಂಟೆಯಲ್ಲಿ ಚಳಿಯ ಪಾಲು ಒಂದಿಷ್ಟು, ಹಳೇ ಈಸ್ಟಿನ ಪಾಲು ಅದಕ್ಕಿಂತ ಜಾಸ್ತಿ ಅಂತ ನನ್ನ ಅಂದಾಜು. ಒಣ ಈಸ್ಟನ್ನ ನೆನೆಸಬೇಕಾ, ಹಾಗೇ ಉದುರಿಸಬಹುದಾ ಅಂತ ಜನ ಜಗಳ ಆಡುತ್ತಾರಲ್ಲ, ಹೊಸ ಪ್ಯಾಕೆಟ್ ಆದರೆ ಹೇಗೆ ಮಾಡಿದರೂ ನಡೆಯುತ್ತೆ ಅನ್ನೋದು ನನ್ನ ಅಭಿಪ್ರಾಯ. ನಾನು ನೆನೆಸುತ್ತೇನೆ, ಯಾಕೆಂದರೆ ಆ ಕಾಲು ಗಂಟೆಯಲ್ಲಿ ಲೋಟದಲ್ಲಿ ಅದು ಕೆನೆಗಟ್ಟೋದು ಕಣ್ಣಿಗೆ ಕಾಣುತ್ತೆ.

ಒಂದು ತೊಂದರೆ ಮಾತ್ರ ಹಾಗೇ ಉಳಿದಿತ್ತು. ಪ್ಯಾಕೆಟ್ 11.5 ಗ್ರಾಂ, ನನಗೆ ಬೇಕಾದ್ದು 2.5. ಉಳಿದ 9 ಗ್ರಾಂ ಏನು ಮಾಡೋದು? ವಾರದೊಳಗೆ ಮತ್ತೊಂದು ಸಲ ಮಾಡಿದರೆ ಸರಿ, ಇಲ್ಲದಿದ್ದರೆ ಈಗ ಅದನ್ನ ಮುಂದಿನ ಬಿಯರಿನ ವರ್ಟ್ ಕುದಿಯುವಾಗ ಕೊನೆಯ ಹತ್ತು ನಿಮಿಷಕ್ಕೆ ಅದಕ್ಕೇ ಒಂದು ಚಮಚ ಹಾಕಿಬಿಡುತ್ತೇನೆ. ಕುದಿಗೆ ಹಳೇ ಈಸ್ಟ್ ಸತ್ತು ಒಡೆಯುತ್ತೆ, ಅದರೊಳಗಿನ ಸಾರ ಹೊಸ ಈಸ್ಟಿಗೆ ಮೇವಾಗುತ್ತೆ. ಬಟ್ಟೆ ಕ್ಲಿಪ್ ವಾಪಸ್ ಹಗ್ಗಕ್ಕೆ ಹೋಗಿದೆ, ಅದು ಕಾಣೆಯಾದಾಗಿನಿಂದ ಅಕ್ಕ ಹುಡುಕುತ್ತಿದ್ದಳಂತೆ.